ಶಿಖರ ಮುಟ್ಟದ ಯಾತ್ರಿಕ

ದುಂಡಸಿಯಂಥ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ನಾಡಿನ ಎರಡು ಮುಖಗಳೂ ಎಳವೆಯಿಂದಲೇ ಪರಿಚಿತ. ಪಡುವಣಕ್ಕೆ ನಡೆದರೆ ಮುಂಡಗೋಡದ ಕಡೆಯ ಕಾಡು. ಸಾಗವಾನಿ, ಬಿದಿರು, ಮಳೆಗಾಲದ ಗದ್ದೆ. ಮೂಡಣಕ್ಕೆ ತಿರುಗಿ ಶಿಗ್ಗಾಂವಿಯನ್ನು ದಾಟಿ ಸವಣೂರಿನ ಹಾದಿ ಹಿಡಿದರೆ ಮರಗಳು ವಿರಳವಾಗುತ್ತವೆ. ಮಸಾರಿ ಮಣ್ಣು ಹೋಗಿ ಎರೆಭೂಮಿ ಬರುತ್ತದೆ. ಜೋಳ, ಹತ್ತಿಗಳ ಬಯಲು ತೆರೆದುಕೊಳ್ಳುತ್ತದೆ. ಒಂದೇ ಹಗಲಿನ ನಡಿಗೆಯಲ್ಲಿ ಮಲೆನಾಡು ಬಯಲುಸೀಮೆಯಾಗಿ ಮಾರ್ಪಡುವುದನ್ನು ಕಣ್ಣಾರೆ ಕಾಣಬಹುದು. ನಿತ್ಯವೂ ಕಾಣುವುದರಿಂದಲೇ ಏನೋ, ಹೀಗೇಕೆ ಎಂದು ಕೇಳುವ ಗೋಜಿಗೆ ನಾವು ಹೋಗುವುದಿಲ್ಲ.

ಈ ಪ್ರಶ್ನೆಯನ್ನು ಕೇಳಿದವನೊಬ್ಬನಿದ್ದನು. ಅವನು ಅದನ್ನು ಕೇಳಿದ ಜಾಗ ನಮ್ಮಿಂದ ಬಹು ದೂರದ್ದು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಶ್ರೇಣಿಯಲ್ಲಿ, ಭೂಮಧ್ಯರೇಖೆಯ ಬಳಿಯಲ್ಲಿರುವ ಚಿಂಬೊರಾಜೊ ಎಂಬ ಹಿಮಾಚ್ಛಾದಿತ ಜ್ವಾಲಾಮುಖಿಯ ಮೈಮೇಲೆ. ಕಾಲ ೧೮೦೨ನೆಯ ಇಸವಿ ಜೂನ್ ೨೩. ಮುಂಜಾನೆ ಹೊರಟು, ಬೆಟ್ಟವನ್ನು ನೋಡಿ, ಏರುವಷ್ಟು ಏರಿ, ಅದೇ ದಿನ ಕೆಳಗಿಳಿದು ಬಂದ ಪ್ರವಾಸ ಅದು. ಶಿಖರವು ಅವನ ಕಾಲಿಗೆ ಸಿಕ್ಕಲಿಲ್ಲ. ಆದರೆ ಆ ಒಂದು ದಿನದ ಅರ್ಥವನ್ನು ಬಿಡಿಸುವುದಕ್ಕಾಗಿ ಅವನು ತನ್ನ ಉಳಿದ ಐವತ್ತೇಳು ವರುಷಗಳನ್ನು ವ್ಯಯಿಸಿದನೆಂದರೆ ಅತಿಶಯೋಕ್ತಿಯಾಗಲಾರದು. ಅವನೇ ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್.

ಹಂಬೋಲ್ಟನು ೧೭೬೯ನೆಯ ಸೆಪ್ಟೆಂಬರ್ ೧೪ರಂದು ಬರ್ಲಿನ್ ನಗರದಲ್ಲಿ ಜನಿಸಿದನು. ತಂದೆ ಪ್ರಶಿಯದ ಸೇನೆಯಲ್ಲಿ ಅಧಿಕಾರಿಯಾಗಿದ್ದು ಅರಮನೆಯ ಸೇವೆಗೆ ಬಂದವನು. ಬಾಲಕನಿಗೆ ಹತ್ತು ತುಂಬುವ ಮೊದಲೇ ಆತನು ತೀರಿಕೊಂಡನು. ತಾಯಿ ಸಿರಿವಂತೆ, ಆದರೆ ಮಿತಭಾಷಿಣಿ. ಮಕ್ಕಳ ವಿದ್ಯಾಭ್ಯಾಸಕ್ಕೆ ಹಣವನ್ನು ಧಾರಾಳವಾಗಿ ಕೊಟ್ಟಳಾದರೂ ಮನೆಯಲ್ಲಿ ಅಕ್ಕರೆಯ ಮಾತು ಕಡಮೆಯಾಗಿತ್ತು. ಎರಡು ವರುಷ ಹಿರಿಯನಾದ ಅಣ್ಣ ವಿಲ್ಹೆಲ್ಮ್ ಪುಸ್ತಕಗಳಲ್ಲಿ ಮುಳುಗಿರುತ್ತಿದ್ದನು. ತಮ್ಮನಾದರೋ ಟೆಗೆಲ್ ಎಂಬಲ್ಲಿದ್ದ ಅವರ ತೋಟದಲ್ಲಿ ಗಿಡ, ಹುಳು, ಕಲ್ಲುಗಳನ್ನು ಆಯ್ದು ಜೇಬು ತುಂಬಿಸಿಕೊಂಡು ಬರುತ್ತಿದ್ದನು. ಅಣ್ಣನು ಮುಂದೆ ಭಾಷಾಶಾಸ್ತ್ರದಲ್ಲಿ ಹೆಸರು ಗಳಿಸಿ, ೧೮೧೦ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯದ ಸ್ಥಾಪನೆಗೆ ಕಾರಣನಾದನು. ಸಂಸ್ಕೃತವನ್ನು ಕಲಿತು ಭಗವದ್ಗೀತೆಯ ಮೇಲೆ ವಿದ್ವತ್ಪೂರ್ಣ ಪ್ರಬಂಧಗಳನ್ನು ರಚಿಸಿದನು. ತಮ್ಮನ ದಾರಿ ಬೇರೆಯಾಯಿತು.

ತಾಯಿಯ ಇಚ್ಛೆಯಂತೆ ಸರಕಾರಿ ಕೆಲಸಕ್ಕೆ ತಕ್ಕ ವಿದ್ಯೆಯನ್ನು ಕಲಿತ ಹಂಬೋಲ್ಟನು ಫ್ರೈಬರ್ಗಿನ ಗಣಿವಿದ್ಯಾ ಶಾಲೆಯಲ್ಲಿ ಅಭ್ಯಾಸ ಮಾಡಿ, ೧೭೯೨ರಲ್ಲಿ ಗಣಿಗಳ ಪರೀಕ್ಷಕನಾಗಿ ನಿಯುಕ್ತನಾದನು. ಆಗ ಅವನಿಗೆ ಇಪ್ಪತ್ತೆರಡು ವರುಷ. ಗಣಿಯ ಕತ್ತಲೆಯಲ್ಲಿ ದುಡಿಯುವ ಕೂಲಿಗಳ ಕಷ್ಟವನ್ನು ಅಲ್ಲಿ ಅವನು ಹತ್ತಿರದಿಂದ ಕಂಡನು. ಕೆಟ್ಟ ಗಾಳಿಯಲ್ಲಿಯೂ ಆರದ ದೀಪವೊಂದನ್ನು, ಉಸಿರಾಟದ ಸಾಧನವೊಂದನ್ನು ರೂಪಿಸಿ ತಾನೇ ಗಣಿಯೊಳಗಿಳಿದು ಪರೀಕ್ಷಿಸಿದನು. ಗಣಿ ಕೆಲಸಗಾರರ ಮಕ್ಕಳು ಕಲಿಯಲೆಂದು ಸ್ವಂತ ಹಣದಿಂದ ಶಾಲೆಯೊಂದನ್ನು ತೆರೆದನು. ಮೇಲಧಿಕಾರಿಗಳಿಗೆ ಅವನ ಮೇಲೆ ಪ್ರೀತಿಯಿತ್ತು. ಬಡ್ತಿಯ ಮೇಲೆ ಬಡ್ತಿ ಬಂದಿತು. ಆದರೆ ಅವನ ಮನಸ್ಸು ಮಾತ್ರ ಸಮುದ್ರದ ಆಚೆಗೆ ನೆಟ್ಟಿತ್ತು.

೧೭೯೬ರ ನವೆಂಬರಿನಲ್ಲಿ ತಾಯಿ ತೀರಿಕೊಂಡಳು. ಮಗನ ಪಾಲಿಗೆ ದೊಡ್ಡ ಆಸ್ತಿ ಬಂದಿತು. ಮತ್ತೊಬ್ಬನಾಗಿದ್ದರೆ ಭೂಮಿ ಕೊಂಡು, ಮನೆ ಕಟ್ಟಿ, ಮರ್ಯಾದೆಯಿಂದ ಬಾಳುತ್ತಿದ್ದನು. ಹಂಬೋಲ್ಟನು ಕೆಲಸಕ್ಕೆ ರಾಜೀನಾಮೆಯಿತ್ತು, ಆ ಹಣವನ್ನೆಲ್ಲ ಲೋಕಸಂಚಾರಕ್ಕೆಂದು ಮೀಸಲಿರಿಸಿದನು.

ಅವನ ಬಾಳಿನಲ್ಲಿ ಮತ್ತೆ ಮತ್ತೆ ಕಾಣುವ ಒಂದು ಸಂಗತಿಯನ್ನು ಓದುಗರು ಇಲ್ಲಿಂದಲೇ ಗಮನಿಸಬೇಕು. ಅವನು ಹೊರಟ ಗುರಿ ಅವನಿಗೆ ಒದಗುತ್ತಿರಲಿಲ್ಲ, ಒದಗಿದುದು ಬೇರೊಂದು. ಕ್ಯಾಪ್ಟನ್ ಬೊದ್ಯಾನ್ ಎಂಬ ಫ್ರೆಂಚ್ ನಾವಿಕನೊಡನೆ ಭೂಪ್ರದಕ್ಷಿಣೆ ಮಾಡಬೇಕೆಂದು ಪ್ಯಾರಿಸ್ಸಿಗೆ ಹೋದನು. ಯುದ್ಧದ ಕಾರಣ ಆ ಯಾತ್ರೆ ಮುಂದಕ್ಕೆ ಹೋಯಿತು. ಈಜಿಪ್ತಿಗೆ ಹೋಗಲು ಯತ್ನಿಸಿದನು, ಅದೂ ಕೈಗೂಡಲಿಲ್ಲ. ಈ ನಿರಾಶೆಗಳ ನಡುವೆ ಅವನಿಗೆ ದೊರೆತ ಲಾಭವೆಂದರೆ ಎಮೆ ಬೊನ್‌ಪ್ಲಾನ್ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞನ ಗೆಳೆತನ. ಇಬ್ಬರೂ ಸ್ಪೇನಿಗೆ ಹೋದರು. ಸ್ಪೇನಿನ ದೊರೆ ನಾಲ್ಕನೆಯ ಕಾರ್ಲೋಸನು ತನ್ನ ಅಮೆರಿಕದ ವಸಾಹತುಗಳಲ್ಲಿ ಸಂಚರಿಸಲು ಅವರಿಗೆ ಅಪ್ಪಣೆಯ ಪತ್ರವನ್ನು ದಯಪಾಲಿಸಿದನು. ಪರದೇಶೀಯರಿಗೆ ಅಂಥ ಅಪ್ಪಣೆ ದೊರೆಯುವುದು ಅಪರೂಪವಾಗಿದ್ದ ಕಾಲವದು. ಖರ್ಚೆಲ್ಲ ಹಂಬೋಲ್ಟನದೇ ಆದುದರಿಂದ ದೊರೆಗೂ ತೊಡಕಿರಲಿಲ್ಲ.

೧೭೯೯ನೆಯ ಜೂನ್ ೫ರಂದು ಹಡಗು ಸ್ಪೇನಿನ ತೀರವನ್ನು ಬಿಟ್ಟಿತು. ನಡುದಾರಿಯಲ್ಲಿ ಟೆನೆರೀಫ್ ದ್ವೀಪದಲ್ಲಿ ಇಳಿದಾಗ ಅವನು ಅಲ್ಲಿಯ ಜ್ವಾಲಾಮುಖಿಯನ್ನು ಹತ್ತಿದನು. ಒರೊತಾವ ಎಂಬಲ್ಲಿ ಭಾರಿ ಸುತ್ತಳತೆಯ ಪುರಾತನ ವೃಕ್ಷವೊಂದನ್ನು ಕಂಡು ಬೆರಗಾದನು. ಮುಂದೆ ಮರಗಳ ವಯಸ್ಸನ್ನು ಕುರಿತು ಬರೆಯುವಾಗ ಈ ವೃಕ್ಷದ ಜತೆಗೆ ಆಫ್ರಿಕದ ಬಾವೊಬಾಬ್ ಮರಗಳನ್ನೂ ಅವನು ವರ್ಣಿಸಿದ್ದಾನೆ. ಸವಣೂರಿನ ದೊಡ್ಡಹುಣಸೆ ಮಠದ ಆವರಣದಲ್ಲಿ ನಾವು ದೊಡ್ಡ ಹುಣಸೆಯೆಂದು ಕರೆಯುವ ಭಾರಿ ಮರಗಳು ಆ ಬಾವೊಬಾಬಿನ ಜಾತಿಯವೇ. ಅವುಗಳ ನೆರಳಿನಲ್ಲಿ ನಿಂತವರಿಗೆ ಟೆನೆರೀಫಿನಲ್ಲಿ ಆ ತರುಣನು ಪಟ್ಟ ಬೆರಗು ಎಂಥದೆಂದು ವಿವರಿಸಬೇಕಾಗಿಲ್ಲ.

ಜುಲೈ ೧೬ರಂದು ಅವರು ಈಗಿನ ವೆನೆಜುವೆಲ ದೇಶದ ಕುಮಾನ ಬಂದರಿನಲ್ಲಿ ಇಳಿದರು. ಅಲ್ಲಿ ಗುಲಾಮರನ್ನು ಸಂತೆಯಲ್ಲಿ ದನಗಳಂತೆ ಹಲ್ಲು ನೋಡಿ ಕೊಳ್ಳುತ್ತಿದ್ದ ದೃಶ್ಯವು ಅವನ ಮನಸ್ಸನ್ನು ಕಲಕಿತು. ಬದುಕಿನ ಕೊನೆಯವರೆಗೂ ಅವನು ಗುಲಾಮಗಿರಿಯ ಕಡುವಿರೋಧಿಯಾಗಿ ಉಳಿದನು. ೧೮೦೦ರಲ್ಲಿ ವಲೆನ್ಸಿಯ ಸರೋವರದ ದಡದಲ್ಲಿ ಅವನಿಗೆ ಇನ್ನೊಂದು ಪಾಠ ದೊರೆಯಿತು. ಸರೋವರದ ನೀರು ವರುಷ ವರುಷವೂ ಹಿಂಜರಿಯುತ್ತಿತ್ತು. ನೀರು ನೆಲದಡಿಯ ಬಿಲದಲ್ಲಿ ಸೋರಿಹೋಗುತ್ತಿದೆಯೆಂದು ಜನ ನಂಬಿದ್ದರು. ಹಂಬೋಲ್ಟನು ಸುತ್ತಲಿನ ಗುಡ್ಡಗಳನ್ನು ನೋಡಿದನು. ತೋಟಗಳಿಗಾಗಿ ಕಾಡು ಕಡಿದಿದ್ದರು, ಹೊಳೆಗಳನ್ನು ಹೊಲಗಳಿಗೆ ತಿರುಗಿಸಿದ್ದರು. ಕಾಡು ಹೋದರೆ ಮಳೆಯ ನೀರು ನೆಲದಲ್ಲಿ ನಿಲ್ಲದು, ಮಣ್ಣು ಕೊಚ್ಚಿಹೋಗುವುದು, ಊಟೆಗಳು ಬತ್ತುವುವು ಎಂಬ ಕಾರಣಸರಣಿಯನ್ನು ಅವನು ಅಲ್ಲಿ ವಿವರಿಸಿದನು. ಕೆರೆಗಳನ್ನು ನಂಬಿ ಭತ್ತ ಬೆಳೆಯುವ ಹಾನಗಲ್ಲ ಸೀಮೆಯ ಒಕ್ಕಲಿಗರಿಗೆ ಈ ಮಾತು ಇಂದಿಗೂ ಹಳೆಯದಲ್ಲ.

ಆ ಬಳಿಕ ಒರಿನೊಕೊ ನದಿಯ ಕಾಡಿನಲ್ಲಿ ಸೊಳ್ಳೆ, ಮೊಸಳೆ, ಹಸಿವುಗಳ ನಡುವೆ ತಿಂಗಳುಗಟ್ಟಲೆ ದೋಣಿಯ ಪಯಣ. ಆ ನದಿಗೂ ಅಮೆಜಾನ್ ನದೀಜಾಲಕ್ಕೂ ನಡುವೆ ಸಹಜವಾದ ಜಲಮಾರ್ಗವಿರುವುದನ್ನು ಅವನು ಅಳತೆಗಳ ಮೂಲಕ ಖಚಿತಪಡಿಸಿದನು. ಅಲ್ಲಿಂದ ಕ್ಯೂಬ ದ್ವೀಪಕ್ಕೆ ಬಂದಾಗ, ಬೊದ್ಯಾನನ ನೌಕೆಗಳು ಕೊನೆಗೂ ಹೊರಟಿವೆಯೆಂದೂ ಅವು ಪೆರುವಿನ ತೀರಕ್ಕೆ ಬರಲಿವೆಯೆಂದೂ ಸುದ್ದಿ ಸಿಕ್ಕಿತು. ಹಂಬೋಲ್ಟನು ತನ್ನ ಯೋಜನೆಯನ್ನೆಲ್ಲ ಬದಲಿಸಿದನು. ೧೮೦೧ರಲ್ಲಿ ಕಾರ್ತಹೇನ ಬಂದರಿನಲ್ಲಿಳಿದು, ಮಗ್ದಲೇನ ನದಿಯನ್ನು ಪ್ರವಾಹಕ್ಕೆದುರಾಗಿ ಏರಿ, ಬೊಗೊತ ನಗರವನ್ನು ದಾಟಿ, ಆಂಡೀಸ್ ಪರ್ವತಗಳ ಕೆಸರುದಾರಿಗಳಲ್ಲಿ ನಡೆದು, ೧೮೦೨ರ ಜನವರಿಯಲ್ಲಿ ಕೀತೊ ನಗರವನ್ನು ಸೇರಿದನು. ಸೇರಿದ ಮೇಲೆ ತಿಳಿದುದೇನೆಂದರೆ, ಬೊದ್ಯಾನನು ಈ ದಾರಿಗೆ ಬರುವುದೇ ಇಲ್ಲ. ಆಫ್ರಿಕದ ತುದಿಯನ್ನು ಸುತ್ತಿ ಆಸ್ಟ್ರೇಲಿಯದ ಕಡೆಗೆ ಹೋಗಿದ್ದಾನೆ. ಅಷ್ಟು ದೂರದ ನಡಿಗೆ, ಅಷ್ಟು ಹಣ, ಅಷ್ಟು ತಿಂಗಳು, ಎಲ್ಲವೂ ಒಂದು ಬಾರದ ಹಡಗಿಗಾಗಿ ಆಗಿತ್ತು.

ಅವನು ಅಳುತ್ತ ಕೂರಲಿಲ್ಲ. ಕೀತೊ ನಗರದ ಸುತ್ತ ಜ್ವಾಲಾಮುಖಿಗಳು ಬೀದಿಯ ಇಕ್ಕೆಲದ ಮನೆಗಳಂತೆ ಸಾಲಾಗಿ ನಿಂತಿವೆ. ಹಡಗು ಬಾರದಿದ್ದರೆ ಬೆಟ್ಟಗಳಿವೆಯಲ್ಲ! ಅಂತಿಸಾನ, ಕೊತೊಪಾಕ್ಸಿ, ಪಿಚಿಂಚ ಮೊದಲಾದವುಗಳ ಮೇಲೆ ಅವನು ಕೆಲವು ತಿಂಗಳು ಅಭ್ಯಾಸ ಮಾಡಿದನು. ಕೀತೊದ ಶ್ರೀಮಂತ ಮನೆತನವೊಂದರ ತರುಣ ಕಾರ್ಲೋಸ್ ಮೊಂತೂಫರ್ ಎಂಬವನು ಅವನ ಬಳಗವನ್ನು ಕೂಡಿಕೊಂಡನು. ಜೂನ್ ೯ರಂದು ಅವರು ಕೀತೊ ನಗರವನ್ನು ಬಿಟ್ಟು ದಕ್ಷಿಣಕ್ಕೆ ಹೊರಟರು. ದಾರಿಯಲ್ಲಿ ನಿಂತಿತ್ತು ಚಿಂಬೊರಾಜೊ.

ಅಂದಿನ ಲೋಕಕ್ಕೆ ಚಿಂಬೊರಾಜೊ ಎಂದರೆ ಭೂಮಿಯ ಮೇಲಿನ ಅತ್ಯುನ್ನತ ಪರ್ವತ. ಹಿಮಾಲಯದ ಶಿಖರಗಳನ್ನು ಅಂದಿಗೆ ಯಾರೂ ಸರಿಯಾಗಿ ಅಳೆದಿರಲಿಲ್ಲ. ಭೂಮಿಯ ಆಕಾರವನ್ನು ನಿಶ್ಚಯಿಸಲು ಹದಿನೆಂಟನೆಯ ಶತಮಾನದಲ್ಲಿ ಇದೇ ಸೀಮೆಗೆ ಬಂದಿದ್ದ ಬೂಗೆ, ಲಾ ಕೊಂದಮೀನ್ ಎಂಬ ಫ್ರೆಂಚ್ ವಿದ್ವಾಂಸರು ಈ ಬೆಟ್ಟವನ್ನು ಸ್ವಲ್ಪ ದೂರ ಏರಿ ಹಿಂದಿರುಗಿದ್ದರು. ಈಗಿನ ಅಳತೆಯಂತೆ ಇದರ ಎತ್ತರ ಸುಮಾರು ೨೦,೫೫೦ ಅಡಿ. ನಮ್ಮ ಕನ್ನಡನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯಂಥ ಮೂರು ಬೆಟ್ಟಗಳನ್ನು ಒಂದರ ಮೇಲೊಂದು ಇಟ್ಟರೂ ಇದರ ತುದಿಗೆ ಮುಟ್ಟವು.

ಜೂನ್ ೨೨ರ ರಾತ್ರಿ ಅವರು ಬೆಟ್ಟದ ಬುಡದ ಕಾಲ್ಪಿ ಎಂಬ ಹಳ್ಳಿಯಲ್ಲಿ ತಂಗಿದರು. ಆ ಹಳ್ಳಿಯೇ ಸುಮಾರು ಹತ್ತು ಸಾವಿರ ಅಡಿ ಎತ್ತರದಲ್ಲಿದೆ. ಮರುದಿನ ಮುಂಜಾನೆ ಹೇಸರಗತ್ತೆಗಳನ್ನೇರಿ ಹುಲ್ಲುಗಾವಲಿನ ಬಯಲುಗಳನ್ನು ದಾಟಿದರು. ಹವೆ ಅನುಕೂಲವಾಗಿರಲಿಲ್ಲ, ಮಂಜು ಮುಸುಕಿತ್ತು. ಹಿಮದ ಗೆರೆ ಹತ್ತಿರವಾದಾಗ ಪ್ರಾಣಿಗಳನ್ನು ಬಿಟ್ಟು ಕಾಲ್ನಡಿಗೆಯಲ್ಲಿ ಹೊರಟರು. ಹದಿನಾರು ಸಾವಿರ ಅಡಿಗಳನ್ನು ದಾಟಿದ ಮೇಲೆ ದಾರಿ ತೋರಲು ಬಂದಿದ್ದ ಸ್ಥಳೀಯರು ಮುಂದೆ ಬರಲೊಲ್ಲೆವೆಂದು ಹಿಂದಿರುಗಿದರು. ಉಳಿದವರು ನಾಲ್ವರು: ಹಂಬೋಲ್ಟ್, ಬೊನ್‌ಪ್ಲಾನ್, ಮೊಂತೂಫರ್ ಮತ್ತು ಸಾನ್ ಹ್ವಾನ್ ಎಂಬ ಹಳ್ಳಿಯ ಒಬ್ಬ ಮಿಶ್ರವಂಶದ ಮನುಷ್ಯ. ಈ ನಾಲ್ಕನೆಯವನ ಊರಿನ ಹೆಸರನ್ನು ಹಂಬೋಲ್ಟನ ಬರವಣಿಗೆ ಉಳಿಸಿದೆ.

ಮುಂದಿನ ದಾರಿ ಒಂದು ಕಿರಿದಾದ ಏಣು. ಸ್ಪೇನಿನ ಜನ ಅದನ್ನು ಚೂರಿಯ ಅಲಗೆಂದು ಕರೆಯುತ್ತಿದ್ದರು. ಕೆಲವೆಡೆ ಅದರ ಅಗಲ ಎಂಟು ಹತ್ತು ಅಂಗುಲಕ್ಕಿಂತ ಹೆಚ್ಚಿರಲಿಲ್ಲ. ಎಡಕ್ಕೆ ಗಾಜಿನಂತೆ ಮಿನುಗುವ ಹಿಮದ ಇಳಿಜಾರು. ಬಲಕ್ಕೆ ನೂರಾರು ಅಡಿಗಳ ಪ್ರಪಾತ, ಅದರ ತಳದಲ್ಲಿ ಮೊನಚಾದ ಬಂಡೆಗಳು. ಕಾಲು ಜಾರುವುದಾದರೆ ಯಾವ ಕಡೆಗೆ ಜಾರಬೇಕೆಂಬುದನ್ನೂ ಮೊದಲೇ ಆಲೋಚಿಸಿಟ್ಟುಕೊಳ್ಳಬೇಕಾದ ಸ್ಥಳ ಅದು. ಕೈಗಳನ್ನೂರಿ ತೆವಳಬೇಕಾಗಿ ಬಂದಾಗ ಚೂಪುಗಲ್ಲುಗಳಿಗೆ ಅಂಗೈಗಳು ಸೀಳಿ ರಕ್ತ ಒಸರಿತು. ಹಂಬೋಲ್ಟನ ಪಾದದಲ್ಲಿ ಹಿಂದಿನಿಂದಲೇ ಒಂದು ಹುಣ್ಣಿದ್ದು, ಹೆಜ್ಜೆ ಹೆಜ್ಜೆಗೂ ನೋಯುತ್ತಿತ್ತು. ಪರ್ವತಾರೋಹಣದ ಉಡುಪಾಗಲಿ ಹಗ್ಗವಾಗಲಿ ಅವರಲ್ಲಿರಲಿಲ್ಲ. ಇದ್ದುದು ವಾಯುಭಾರವನ್ನು, ಉಷ್ಣವನ್ನು ಅಳೆಯುವ ನಾಜೂಕಾದ ಉಪಕರಣಗಳು. ತಮಗಿಂತ ಅವುಗಳನ್ನೇ ಹೆಚ್ಚು ಜೋಪಾನವಾಗಿ ಹೊತ್ತು ಅವರು ನಡೆದರು.

ಗಾಳಿ ತೆಳುವಾಗುತ್ತ ಬಂದಿತು. ಓಕರಿಕೆ, ತಲೆಸುತ್ತು ಆರಂಭವಾದುವು. ತುಟಿ, ವಸಡುಗಳಿಂದ ರಕ್ತ ಬಂದಿತು; ಕಣ್ಣುಗಳು ಕೆಂಡದಂತೆ ಕೆಂಪಾದುವು. ಪಾಚಿಗಿಡಗಳು ಕೆಳಗುಳಿದು, ಕೊನೆಗೆ ಬಂಡೆಗೆ ಅಂಟಿದ ಕಲ್ಲುಹೂವಿನ ಚಕ್ಕೆಗಳನ್ನು ಬಿಟ್ಟರೆ ಜೀವದ ಚಿಹ್ನೆಯೇ ಇಲ್ಲವಾಯಿತು. ಈ ಸ್ಥಿತಿಯಲ್ಲಿಯೂ ಅವನು ನಿಂತು ನಿಂತು ಅಳತೆಗಳನ್ನು ಬರೆದುಕೊಂಡನು. ಒಮ್ಮೆ ಇದ್ದಕ್ಕಿದ್ದಂತೆ ಮಂಜು ಸರಿದು, ಗುಮ್ಮಟದಂಥ ಶಿಖರವು ಕೈಯಳವಿನಲ್ಲಿರುವಂತೆ ಹೊಳೆಯಿತು. ಆಯಾಸ ಮರೆತು ಹೋಯಿತು. ಕಾಲಿಗೆ ಹೊಸ ಬಲ ಬಂದಿತು. ಆದರೆ ನಾಲ್ಕು ಹೆಜ್ಜೆ ಮುಂದೆ ಹೋಗುವಷ್ಟರಲ್ಲಿ ಬೆಟ್ಟವು ತನ್ನ ತೀರ್ಪನ್ನು ಕೊಟ್ಟಿತು. ಸುಮಾರು ಅರುವತ್ತು ಅಡಿ ಅಗಲದ, ನಾನೂರು ಅಡಿ ಆಳದ ಕಮರಿಯೊಂದು ಏಣನ್ನು ಕತ್ತರಿಸಿ ಬಾಯ್ದೆರೆದು ನಿಂತಿತ್ತು. ಬಳಸಿ ಹೋಗಲು ದಾರಿಯಿರಲಿಲ್ಲ; ಅಕ್ಕಪಕ್ಕದ ಹಿಮವು ಕಾಲಿಟ್ಟರೆ ಕುಸಿಯುವಷ್ಟು ಮೆದುವಾಗಿತ್ತು.

ವಾಯುಭಾರಮಾಪಕವನ್ನು ನಿಲ್ಲಿಸಿ ಅವನು ಲೆಕ್ಕ ಹಾಕಿದನು: ೧೯,೨೮೬ ಅಡಿ. ಶಿಖರಕ್ಕೆ ಉಳಿದುದು ಸಾವಿರದ ಮುನ್ನೂರು ಅಡಿಗಿಂತ ಕಡಮೆ. ಅಷ್ಟು ಎತ್ತರವನ್ನು ಅದುವರೆಗೆ ಯಾವ ಮನುಷ್ಯನೂ ಏರಿಲ್ಲವೆಂದು ಯುರೋಪು ನಂಬಿತು. ಮೂವತ್ತು ವರುಷಗಳ ಕಾಲ ಹಂಬೋಲ್ಟನ ಹೆಸರಿಗೆ ಆ ಕೀರ್ತಿ ಅಂಟಿಕೊಂಡಿತ್ತು. ಇಳಿಯುವಾಗ ಅವರು ಕಲ್ಲಿನ ಚೂರುಗಳನ್ನು ಆಯ್ದುಕೊಂಡರು. ಊರಿಗೆ ಹೋದರೆ ಚಿಂಬೊರಾಜೊದ ತುಣುಕೊಂದನ್ನು ಎಲ್ಲರೂ ಕೇಳುವರೆಂದು ಅವರಿಗೆ ಗೊತ್ತಿತ್ತು. ಆಲಿಕಲ್ಲು, ಆ ಮೇಲೆ ಹಿಮ ಅವರನ್ನು ಅಟ್ಟಿಸಿಕೊಂಡು ಬಂದುವು. ಹೊತ್ತು ಮುಳುಗುವುದಕ್ಕೆ ಬಹಳ ಮುಂಚೆಯೇ ಅವರು ಹೇಸರಗತ್ತೆಗಳನ್ನು ಬಿಟ್ಟ ತಾಣಕ್ಕೆ ಬಂದು ಮುಟ್ಟಿದರು. ದಿನದ ಪ್ರವಾಸ ಮುಗಿಯಿತು.

ಮುಗಿಯಿತೇ? ಪ್ರವಾಸ ಮುಗಿದರೂ ಅದರ ಕೆಲಸ ಆಗತಾನೆ ಆರಂಭವಾಗಿತ್ತು. ಬೆಟ್ಟದ ಬುಡದ ಬಿಸಿಲುನಾಡಿನಿಂದ ಹಿಮದ ಗೆರೆಯವರೆಗೆ ಅವನು ಕಂಡ ಸಸ್ಯಗಳು ಒಂದೊಂದು ಎತ್ತರದಲ್ಲಿ ಒಂದೊಂದು ಬಗೆಯವಾಗಿದ್ದುವು. ತಗ್ಗಿನಲ್ಲಿ ತಾಳೆ, ಬಾಳೆ, ಅದರ ಮೇಲೆ ದಟ್ಟವಾದ ಕಾಡು, ಅದರ ಮೇಲೆ ಕುರುಚಲು, ಅದರ ಮೇಲೆ ಹುಲ್ಲು, ಕೊನೆಗೆ ಕಲ್ಲುಹೂವು. ಭೂಮಧ್ಯರೇಖೆಯಿಂದ ಧ್ರುವಕ್ಕೆ ಸಾವಿರಾರು ಮೈಲಿ ನಡೆದವನಿಗೆ ಕಾಣುವ ಮಾರ್ಪಾಟನ್ನು ಈ ಬೆಟ್ಟವು ಒಂದೇ ಮೈಯಲ್ಲಿ ಪದರಪದರವಾಗಿ ಜೋಡಿಸಿಟ್ಟಿತ್ತು. ಗಿಡವನ್ನು ಗಿಡವಾಗಿ ಮಾತ್ರ ನೋಡಿ ಅದಕ್ಕೊಂದು ಹೆಸರಿಡುವುದು ಅಂದಿನ ಸಸ್ಯಶಾಸ್ತ್ರದ ರೀತಿ. ಗಿಡವು ಎಲ್ಲಿ ಬೆಳೆಯುತ್ತದೆ, ಅಲ್ಲಿಯ ಗಾಳಿಯೆಷ್ಟು, ಬಿಸಿಲೆಷ್ಟು, ತೇವವೆಷ್ಟು, ಮಣ್ಣೆಂಥದು, ಮನುಷ್ಯನು ಅಲ್ಲಿ ಏನನ್ನು ಬೆಳೆದು ಉಣ್ಣುತ್ತಾನೆ ಎಂಬುದನ್ನೆಲ್ಲ ಕೂಡಿಸಿ ನೋಡುವುದು ಹಂಬೋಲ್ಟನ ರೀತಿಯಾಯಿತು. ನಿಸರ್ಗದಲ್ಲಿ ಯಾವುದೂ ಒಂಟಿಯಲ್ಲ. ಒಂದು ಎಳೆಯನ್ನು ಎಳೆದರೆ ಇಡೀ ನೆಯ್ಗೆ ಮಿಸುಕುತ್ತದೆ ಎಂಬ ಅರಿವು ಅವನಲ್ಲಿ ಬೇರೂರಿತು.

೧೮೦೩ರ ಆರಂಭದಲ್ಲಿ ಗ್ವಯಾಕೀಲ್ ಬಂದರಿನಲ್ಲಿ ಹಡಗಿಗಾಗಿ ಕಾಯುವಾಗ ಅವನು ಆ ಅರಿವನ್ನು ಚಿತ್ರಕ್ಕಿಳಿಸಿದನು. ೧೮೦೭ರಲ್ಲಿ ಪ್ಯಾರಿಸ್ಸಿನಲ್ಲಿ ಅದು ಸಸ್ಯಗಳ ಭೂಗೋಳವನ್ನು ಕುರಿತ ಅವನ ಪ್ರಬಂಧದೊಡನೆ ಪ್ರಕಟವಾಯಿತು. ಸುಮಾರು ಮೂರು ಅಡಿ ಅಗಲದ ಆ ಪಟದಲ್ಲಿ ಚಿಂಬೊರಾಜೊವನ್ನು ಸೀಳಿ ತೋರಿಸಿ, ಎತ್ತರಕ್ಕೆ ತಕ್ಕಂತೆ ಸಸ್ಯಗಳ ಹೆಸರನ್ನು ಬರೆದಿದೆ. ಇಬ್ಬದಿಯ ಅಂಕಣಗಳಲ್ಲಿ ಉಷ್ಣಮಾನ, ವಾಯುಭಾರ, ತೇವ, ಆಕಾಶದ ನೀಲಿಯ ಪ್ರಮಾಣ, ಬೆಳೆಗಳು, ಪ್ರಾಣಿಗಳು ಎಲ್ಲವನ್ನೂ ಕೊಟ್ಟಿದೆ. ಇಂದು ಶಾಲೆಯ ಭೂಗೋಳ ಪುಸ್ತಕದಲ್ಲಿ ಸಸ್ಯವಲಯಗಳ ಪಟವನ್ನು ನೋಡುವ ಪ್ರತಿಯೊಬ್ಬ ವಿದ್ಯಾರ್ಥಿಯೂ, ಹವಾಮಾನದ ನಕ್ಷೆಯಲ್ಲಿ ಸಮೋಷ್ಣರೇಖೆಗಳನ್ನು ಕಾಣುವ ಪ್ರತಿಯೊಬ್ಬನೂ ಹಂಬೋಲ್ಟನಿಗೆ ಋಣಿ. ಆ ರೇಖೆಗಳನ್ನು ೧೮೧೭ರಲ್ಲಿ ಬಳಕೆಗೆ ತಂದವನೂ ಅವನೇ.

ಪೆರು, ಮೆಕ್ಸಿಕೊ, ಅಮೆರಿಕದ ಸಂಯುಕ್ತ ಸಂಸ್ಥಾನಗಳನ್ನು ನೋಡಿ ೧೮೦೪ರ ಆಗಸ್ಟಿನಲ್ಲಿ ಅವನು ಯುರೋಪಿಗೆ ಮರಳಿದನು. ಪೆರುವಿನ ತೀರದ ತಣ್ಣನೆಯ ಸಾಗರಪ್ರವಾಹವನ್ನು ಅವನು ಅಳೆದುದರಿಂದ ಜನ ಅದಕ್ಕೆ ಅವನ ಹೆಸರಿಟ್ಟರು. ಅದನ್ನು ಅವನು ಒಪ್ಪಲಿಲ್ಲ. ಅಲ್ಲಿಯ ಬೆಸ್ತರ ಮಕ್ಕಳಿಗೂ ಶತಮಾನಗಳಿಂದ ತಿಳಿದಿದ್ದುದಕ್ಕೆ ತನ್ನ ಹೆಸರೇಕೆಂಬುದು ಅವನ ಆಕ್ಷೇಪಣೆಯಾಗಿತ್ತು. ಪ್ಯಾರಿಸ್ಸಿನಲ್ಲಿ ಎರಡು ದಶಕಗಳಿಗೂ ಮೀರಿ ಕುಳಿತು ಪ್ರವಾಸದ ಫಲವನ್ನು ಮೂವತ್ತಕ್ಕೂ ಹೆಚ್ಚು ಸಂಪುಟಗಳಲ್ಲಿ ಹೊರತಂದನು. ಚಿತ್ರಗಳಿಗೆ, ನಕ್ಷೆಗಳಿಗೆ, ಮುದ್ರಣಕ್ಕೆ ತಾಯಿಯ ಆಸ್ತಿಯೆಲ್ಲ ಕರಗಿತು.

ಇನ್ನೊಂದು ಆಸೆ ಅವನಲ್ಲಿ ಉರಿಯುತ್ತಿತ್ತು. ಅದು ನಮಗೆ ಸಂಬಂಧಿಸಿದ್ದು. ಆಂಡೀಸಿನೊಡನೆ ಹೋಲಿಸಲು ಅವನಿಗೆ ಹಿಮಾಲಯವು ಬೇಕಾಗಿತ್ತು. ಹಂಬೋಲ್ಟನು ಚಿಂಬೊರಾಜೊದಲ್ಲಿ ತೆವಳುತ್ತಿದ್ದ ಆ ೧೮೦೨ನೆಯ ಇಸವಿಯಲ್ಲಿಯೇ ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ ಮದರಾಸಿನ ಬಳಿ ಸರಪಳಿ ಹಾಸಿ ಭೂಮಿಯನ್ನು ಅಳೆಯುತ್ತಿದ್ದನು. ಅದಕ್ಕೆ ಎರಡು ವರುಷ ಮೊದಲು, ೧೮೦೦ರಲ್ಲಿ, ನಮ್ಮ ಬೆಂಗಳೂರಿನ ಬಯಲಿನಲ್ಲಿ ಅವನು ಅಂಥದೇ ಅಳತೆಯನ್ನು ಮಾಡಿ ಮುಗಿಸಿದ್ದನು. ಕನ್ನಡನಾಡಿನ ನೆಲದಲ್ಲಿ ಮೊಳೆತ ಆ ಸರ್ವೇಕ್ಷಣವೇ ಬೆಳೆದು ಉತ್ತರಕ್ಕೆ ಸಾಗಿ, ಕೊನೆಗೆ ಹಿಮಾಲಯವನ್ನು ಅಳೆಯಿತು. ಚಿಂಬೊರಾಜೊ ಲೋಕದ ಅತ್ಯುನ್ನತ ಪರ್ವತವಲ್ಲವೆಂದು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿಯೇ ತಿಳಿದುಬಂದಿತು. ತನ್ನ ಕೀರ್ತಿಯ ಬೆಟ್ಟ ಎರಡನೆಯ ಸಾಲಿಗೆ ಇಳಿದುದಕ್ಕಾಗಿ ಹಂಬೋಲ್ಟನು ಮುನಿಯಲಿಲ್ಲ. ಹಿಮಾಲಯದ ಎತ್ತರ, ಅಲ್ಲಿಯ ಹಿಮರೇಖೆ ಇವುಗಳನ್ನು ಕುರಿತು ತಾನೇ ಪ್ರಬಂಧಗಳನ್ನು ಬರೆದನು.

ಬರೆದರೆ ತೃಪ್ತಿಯಾಗದು, ನೋಡಬೇಕು. ಪಾರಸೀ ಭಾಷೆಯನ್ನು ಕಲಿಯತೊಡಗಿದನು. ೧೮೧೪ರಿಂದ ೧೮೧೮ರ ವರೆಗಿನ ಅವಧಿಯಲ್ಲಿ ಮತ್ತೆ ಮತ್ತೆ ಲಂಡನ್ನಿಗೆ ಹೋದನು. ಪ್ರಶಿಯದ ದೊರೆ ಹಣ ಕೊಡಲು ಒಪ್ಪಿದನು. ಬೇಕಾಗಿದ್ದುದು ಈಸ್ಟ್ ಇಂಡಿಯಾ ಕಂಪನಿಯ ಅಪ್ಪಣೆ. ಅದು ಬರಲೇ ಇಲ್ಲ. ಸ್ಪೇನಿನ ವಸಾಹತುಗಳಲ್ಲಿ ಕಂಡ ಅನ್ಯಾಯಗಳನ್ನು ನಿರ್ಭಯವಾಗಿ ಬರೆದವನನ್ನು ತಮ್ಮ ನಾಡಿನೊಳಗೆ ಬಿಟ್ಟುಕೊಳ್ಳಲು ಕಂಪನಿಯವರು ಅಂಜಿದರೆಂದು ಚರಿತ್ರಕಾರರು ಊಹಿಸುತ್ತಾರೆ. ಸ್ಪೇನಿನ ದೊರೆ ಕೊಟ್ಟ ಅಪ್ಪಣೆಯನ್ನು ವ್ಯಾಪಾರಿಗಳ ಕಂಪನಿ ಕೊಡಲಿಲ್ಲ. ಅವನು ಬಂದಿದ್ದರೆ ನಮ್ಮ ಸಹ್ಯಾದ್ರಿಯನ್ನೂ ಎರೆಭೂಮಿಯನ್ನೂ ಏನೆಂದು ವರ್ಣಿಸುತ್ತಿದ್ದನೋ!

೧೮೨೭ರಲ್ಲಿ ಹಣ ತೀರಿದ ಹಂಬೋಲ್ಟನು ಬರ್ಲಿನ್ನಿಗೆ ಮರಳಿ ದೊರೆಯ ಆಸ್ಥಾನದ ಸೇವೆಗೆ ಸೇರಬೇಕಾಯಿತು. ಸ್ವಾತಂತ್ರ್ಯಪ್ರಿಯನಾದ ಅವನಿಗೆ ಆ ಪಂಜರವು ರುಚಿಸಲಿಲ್ಲ. ಆದರೂ ಅಲ್ಲಿಯೇ ಅವನು ವಿಶ್ವದ ವಿಚಾರವಾಗಿ ಉಪನ್ಯಾಸಗಳನ್ನು ನೀಡಿದಾಗ, ಶುಲ್ಕವಿಲ್ಲದ ಆ ಸಭೆಗಳಲ್ಲಿ ರಾಜವಂಶದವರೂ, ವಿದ್ಯಾರ್ಥಿಗಳೂ, ಕುಶಲಕರ್ಮಿಗಳೂ, ಅಂದಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆಯದಿದ್ದ ಹೆಂಗಸರೂ ಕೂಡಿ ಕುಳಿತು ಕೇಳಿದರು. ೧೮೨೯ರಲ್ಲಿ ರಶಿಯದ ಚಕ್ರವರ್ತಿಯ ಆಮಂತ್ರಣದಂತೆ ಉರಲ್, ಅಲ್ತಾಯ್ ಪರ್ವತಗಳವರೆಗೆ ಹೋಗಿ ಬಂದನು. ಹಿಮಾಲಯದ ಉತ್ತರ ದಿಕ್ಕಿಗೆ ಅವನು ಮುಟ್ಟಿದುದು ಅಷ್ಟೇ. ತರುವಾಯ ಬಂದಿತು ಅವನ ಮಹಾಕೃತಿ ‘ಕಾಸ್ಮೋಸ್’. ಮೊದಲ ಸಂಪುಟ ೧೮೪೫ರಲ್ಲಿ ಹೊರಬಂದಾಗ ಅವನಿಗೆ ಎಪ್ಪತ್ತೈದು ವರುಷ. ಐದನೆಯದು ಅವನ ಮರಣಾನಂತರ ಅಪೂರ್ಣವಾಗಿಯೇ ಪ್ರಕಟವಾಯಿತು. ಇಲ್ಲಿಯೂ ಶಿಖರ ಮುಟ್ಟುವುದಕ್ಕೆ ಸ್ವಲ್ಪ ಉಳಿಯಿತು.

ಆಶ್ಚರ್ಯದ ಮಾತೆಂದರೆ, ಚಿಂಬೊರಾಜೊದ ಆ ದಿನದ ವೃತ್ತಾಂತವನ್ನು ಅವನು ಸವಿಸ್ತಾರವಾಗಿ ಪ್ರಕಟಿಸಿದುದು ೧೮೩೭ರಲ್ಲಿ, ಮೂವತ್ತೈದು ವರುಷಗಳ ಮೇಲೆ. ಆ ವೇಳೆಗೆ ಬೂಸಿಂಗೊ ಎಂಬ ಫ್ರೆಂಚ್ ವಿಜ್ಞಾನಿ ೧೮೩೧ರಲ್ಲಿ ಅವನಿಗಿಂತ ಎತ್ತರಕ್ಕೆ ಏರಿ ಬಂದಿದ್ದನು. ಲೋಕವೆಲ್ಲ ಹೊಗಳುತ್ತಿದ್ದ ಸಾಹಸವನ್ನು ಅವನು ಅಷ್ಟು ಕಾಲ ಬದಿಗಿಟ್ಟಿದ್ದನು. ಬರೆದಾಗಲೂ ಅದಕ್ಕೆ ಶಿಖರವನ್ನೇರುವ ಪ್ರಯತ್ನವೆಂದೇ ಹೆಸರಿಟ್ಟನು. ಆ ಹೆಸರಿನಲ್ಲಿ ಅವನ ಸ್ವಭಾವವಿದೆ.

ಜತೆಗಾರರ ಕಥೆ ಅಷ್ಟು ಸುಖವಾಗಿ ಮುಗಿಯಲಿಲ್ಲ. ಮೊಂತೂಫರನು ತನ್ನ ನಾಡಿನ ಸ್ವಾತಂತ್ರ್ಯಸಮರದಲ್ಲಿ ಸೇರಿ, ೧೮೧೬ರಲ್ಲಿ ಸ್ಪೇನಿನವರ ಗುಂಡಿಗೆ ಬಲಿಯಾದನು. ಬೊನ್‌ಪ್ಲಾನನು ದಕ್ಷಿಣ ಅಮೆರಿಕಕ್ಕೆ ಮರಳಿ ಹೋಗಿ, ಪರಾಗ್ವೆಯ ಸರ್ವಾಧಿಕಾರಿಯ ಕೈಗೆ ಸಿಕ್ಕಿ ಸುಮಾರು ಒಂಬತ್ತು ವರುಷ ಬಂಧನದಲ್ಲಿದ್ದನು. ೧೮೫೮ರಲ್ಲಿ ಅಲ್ಲಿಯ ನೆಲದಲ್ಲಿಯೇ ಮಣ್ಣಾದನು. ಸಾನ್ ಹ್ವಾನಿನ ಆ ನಾಲ್ಕನೆಯ ಮನುಷ್ಯನು ಕಥೆಯಲ್ಲಿ ಆ ಒಂದು ದಿನ ಮಾತ್ರ ಬಂದು ಮರೆಯಾಗುತ್ತಾನೆ.

ಹಂಬೋಲ್ಟನು ೧೮೫೯ನೆಯ ಮೇ ೬ರಂದು ಬರ್ಲಿನ್ನಿನಲ್ಲಿ ತೀರಿಕೊಂಡನು. ತೊಂಬತ್ತು ತುಂಬಲು ನಾಲ್ಕು ತಿಂಗಳು ಉಳಿದಿದ್ದುವು. ರಾಜಮರ್ಯಾದೆಯಿಂದ ಅಂತ್ಯಕ್ರಿಯೆ ನಡೆಯಿತು. ಆದರೆ ಅಷ್ಟು ದೊಡ್ಡ ಮನುಷ್ಯನು ಬಿಟ್ಟುಹೋದುದು ಅಲ್ಪ. ಮನೆಯ ಸಾಮಾನು, ಪುಸ್ತಕಗಳನ್ನೆಲ್ಲ ದೀರ್ಘಕಾಲ ಜತೆಯಲ್ಲಿದ್ದ ಸೇವಕನಿಗೆ ಬರೆದಿಟ್ಟಿದ್ದನು. ಅದೇ ವರುಷ ನವೆಂಬರಿನಲ್ಲಿ ಡಾರ್ವಿನ್ನನ ‘ಜೀವಿಗಳ ಉಗಮ’ ಹೊರಬಂದಿತು. ಹಂಬೋಲ್ಟನ ಪ್ರವಾಸಕಥನವನ್ನು ಓದಿಯೇ ಡಾರ್ವಿನ್ನನಿಗೆ ದೂರದೇಶದ ಹುಚ್ಚು ಹಿಡಿದುದು. ಬೀಗಲ್ ಹಡಗಿನಲ್ಲಿ ಆ ಪುಸ್ತಕವು ಅವನೊಡನಿತ್ತು. ಭಾರತವನ್ನು ಕಾಣುವ ಹಂಬೋಲ್ಟನ ಆಸೆಯನ್ನೂ ಇತರರೇ ನೆರವೇರಿಸಿದರು. ಅವನ ಶಿಫಾರಸಿನಿಂದ ಷ್ಲಾಗಿನ್‌ಟ್ವೈಟ್ ಸಹೋದರರು ಮೂವರು ೧೮೫೪ರಲ್ಲಿ ಮುಂಬಯಿಗೆ ಬಂದಿಳಿದು, ದಖ್ಖಣವನ್ನೂ ಹಿಮಾಲಯವನ್ನೂ ಸುತ್ತಿ ಅಭ್ಯಸಿಸಿದರು.

ಚಿಂಬೊರಾಜೊದ ತುದಿಯನ್ನು ಮೊದಲು ಮುಟ್ಟಿದವನು ಎಡ್ವರ್ಡ್ ವಿಂಪರ್ ಎಂಬ ಆಂಗ್ಲೇಯ. ೧೮೮೦ನೆಯ ಜನವರಿ ೪ರಂದು ಕಾರೆಲ್ ಮನೆತನದ ಇಬ್ಬರು ಇಟಲಿಯ ಮಾರ್ಗದರ್ಶಕರೊಡನೆ ಅವನು ಅದನ್ನು ಸಾಧಿಸಿದನು. ಅತಿ ಎತ್ತರಕ್ಕೇರಿದವನೆಂಬ ಹಂಬೋಲ್ಟನ ಕೀರ್ತಿಯೂ ನಿಜವಾಗಿ ಅವನದಾಗಿರಲಿಲ್ಲ. ಯುರೋಪಿನವರು ಅಮೆರಿಕವನ್ನು ಕಾಣುವ ಮೊದಲೇ ಇಂಕಾ ಜನರು ಆಂಡೀಸಿನ ಯುಯಾಯಿಯಾಕೊ ಎಂಬ ಶಿಖರವನ್ನೇರಿ, ೨೨,೦೦೦ ಅಡಿಗೂ ಮೀರಿದ ಎತ್ತರದಲ್ಲಿ ದೇವರಿಗೆ ಬಲಿಗಳನ್ನರ್ಪಿಸಿದ್ದರು. ಆ ಸಾಕ್ಷ್ಯವು ೧೯೯೯ರಲ್ಲಿ ಪತ್ತೆಯಾಯಿತು. ಚಿಂಬೊರಾಜೊದ ಪಾಲಿಗೆ ಮಾತ್ರ ಒಂದು ಮರ್ಯಾದೆ ಮರಳಿ ಬಂದಿದೆ. ಭೂಮಿಯು ನಡುವಿನಲ್ಲಿ ಉಬ್ಬಿರುವುದರಿಂದ, ಸಮುದ್ರಮಟ್ಟವನ್ನು ಬಿಟ್ಟು ಭೂಗರ್ಭದ ಕೇಂದ್ರದಿಂದ ಅಳೆದರೆ, ಎವರೆಸ್ಟಿಗಿಂತ ಇದರ ತುದಿಯೇ ಒಂದು ಮೈಲಿಗೂ ಹೆಚ್ಚು ದೂರದಲ್ಲಿದೆ. ಎಲ್ಲಿ ನಿಂತು ಅಳೆಯುತ್ತೇವೆ ಎಂಬುದರ ಮೇಲೆ ಎತ್ತರವೂ ನಿಂತಿದೆ.

ಹಂಬೋಲ್ಟನ ಬಾಳನ್ನೂ ಹೀಗೆಯೇ ಅಳೆಯಬೇಕು. ಮುಟ್ಟಿದ ತುದಿಗಳನ್ನು ಎಣಿಸಿದರೆ ಅದು ಸೋಲುಗಳ ಸಾಲು: ಬಾರದ ಹಡಗು, ದಾಟಲಾರದ ಕಮರಿ, ದೊರೆಯದ ಅಪ್ಪಣೆ, ಮುಗಿಯದ ಗ್ರಂಥ. ಆದರೆ ನಿಂತಲ್ಲಿಯೇ ನಿಂತು ಸುತ್ತಲೂ ನೋಡುವ ಕಣ್ಣಿನಿಂದ ಅಳೆದರೆ ಅದಕ್ಕೆ ಸಮನಾದುದು ಸುಲಭವಾಗಿ ಸಿಕ್ಕಲಾರದು. ಕಮರಿಯ ಅಂಚಿನಲ್ಲಿ ಅವನು ಕೇವಲ ಮೇಲೆ ನೋಡಿದ್ದರೆ ಕಾಣುತ್ತಿದ್ದುದು ಸಿಕ್ಕದ ಶಿಖರ. ಅವನು ಕೆಳಗೆ ನೋಡಿದುದರಿಂದ ಒಂದು ಶಾಸ್ತ್ರ ಹುಟ್ಟಿತು.

ಚಿಂಬೊರಾಜೊ ನಮ್ಮಲ್ಲಿಲ್ಲ. ಆದರೆ ಬ್ಯಾಡಗಿಯ ಪೇಟೆಯನ್ನು ಕೆಂಪಾಗಿಸುವ ಮೆಣಸಿನಕಾಯಿಯೂ, ನಮ್ಮ ಹೊಲಗಳನ್ನು ತುಂಬಿದ ಗೋವಿನಜೋಳವೂ ಆ ಅಮೆರಿಕ ಖಂಡದಿಂದಲೇ ಬಂದು ಇಲ್ಲಿಯ ಮಣ್ಣಿಗೆ ಒಗ್ಗಿದಂಥವು. ಗಿಡ ಎಲ್ಲಿಂದ ಬಂದಿತು, ಇಲ್ಲಿ ಏಕೆ ಬೆಳೆಯಿತು, ಕಾಡು ಎಲ್ಲಿ ನಿಂತಿತು, ಏಕೆ ನಿಂತಿತು ಎಂದು ಕೇಳಲು ಇಪ್ಪತ್ತು ಸಾವಿರ ಅಡಿ ಏರಬೇಕಾಗಿಲ್ಲ. ದುಂಡಸಿಯ ಶಾಲೆಯ ಗುರುಗಳು ರವಿವಾರದ ಮುಂಜಾನೆ ಹತ್ತು ಮಕ್ಕಳನ್ನು ಕರೆದುಕೊಂಡು ಕಾಡಿನಂಚಿನಿಂದ ಎರೆಹೊಲದವರೆಗೆ ನಡೆದು, ದಾರಿಯ ಗಿಡಗಳನ್ನು ಬರೆದುಕೊಂಡು ಸಂಜೆಗೆ ಮನೆಗೆ ಮರಳಿದರೆ ಸಾಕು. ಆ ಮಕ್ಕಳು ಹಂಬೋಲ್ಟನ ದಾರಿಯಲ್ಲಿಯೇ ಒಂದು ದಿನ ನಡೆದಂತಾಗುತ್ತದೆ.